ಹಿಸೆಗೆ ಬಿದ್ದ ಜೋಡಿ ಸ್ಪೀಕರು

ಅಂಗಡಿ ಬಿಟ್ಟರೂ ಜನ ನನ್ನನ್ನು ಬಿಟ್ಟಿಲ್ಲ. ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಅನ್ನ ಬೀಳುವ ಮೊದಲೇ ಕೇಳುತ್ತಾರೆ: “ಈರಣ್ಣಾ, ಈ ವೈರ್ ಇಲ್ಲದ ಸ್ಪೀಕರ್ ನಮ್ಮಂಥಾವ್ರಿಗೆ ಹೊಂದತಾವೇನು?” ನಮ್ಮಂಥವರು ಎಂದರೆ, ಬೇರೆ ಆಂಪ್ಲಿಫೈಯರು, ಕ್ಯಾಸೆಟ್ ಹಾಕಲು ಬೇರೆ ಡೆಕ್ಕು, ಎರಡು ಮೂಲೆಗೆ ಎರಡು ದೊಡ್ಡ ಪೆಟ್ಟಿಗೆ ಇಟ್ಟುಕೊಂಡು, ರಜೆಯ ದಿನ ಬಾಗಿಲು ಹಾಕಿ ಹಾಡು ಕೇಳುವವರು. ಹುಬ್ಬಳ್ಳಿ-ಧಾರವಾಡದಲ್ಲಿ ಈ ನಮೂನೆಯವರಿಗೆ ಬರವಿಲ್ಲ. ಹೊಂದುತ್ತದೆ ಎಂದರೆ ಸಿಟ್ಟಾಗುತ್ತಾರೆ. ಹೊಂದುವುದಿಲ್ಲ ಎಂದರೆ ಮರುದಿನವೇ ಹೋಗಿ ಕೊಂಡು ತರುತ್ತಾರೆ. ಅದಕ್ಕೆ ನಾನು “ಮನ್ಯಾಗ ಯಾರ್ಯಾರು ಇರ್ತೀರಿ?” ಎಂದು ತಿರುಗಿ ಕೇಳುತ್ತೇನೆ. ಮುದುಕನ ತಲೆ ಕೆಟ್ಟಿದೆ ಎಂದುಕೊಂಡು ಅವರು ಊಟಕ್ಕೆ ತೊಡಗುತ್ತಾರೆ. ಈ ಕಸುಬಿಗೆ ಹೊಸದಾಗಿ ಬರುವವರಿಗಾದರೂ ಆ ಪ್ರಶ್ನೆ ತಲೆ ಕೆಟ್ಟದ್ದಲ್ಲ ಎಂದು ತಿಳಿಯಲಿ ಎಂದು ಇದನ್ನು ಬರೆದಿಟ್ಟಿದ್ದೇನೆ.

ನಾನು ಹೆಬ್ಬಳ್ಳಿಯವನು. ಹೊಲ ಇತ್ತು, ಹೊಲಕ್ಕೆ ಅಣ್ಣಂದಿರೂ ಇದ್ದರು. ರಿಪೇರಿ ಕೆಲಸ ಕಲಿತು ಹಳೇ ಹುಬ್ಬಳ್ಳಿಯ ದಾವಲಸಾಬ ಚಾಚಾನ ಅಂಗಡಿ ಸೇರಿದೆ, ಕೈ ನಡುಗುವತನಕ ಅಲ್ಲೇ ಇದ್ದೆ. ಮುಂದೆ ಮಾರಾಟ, ಹಿಂದೆ ರಿಪೇರಿ, ನಡುವೆ ಒಂದು ಪರದೆ. ಚಾಚಾ ಮುಂದೆ ಕೂತು ಮಾತಾಡುತ್ತಿದ್ದ, ನಾನು ಹಿಂದೆ ಕೂತು ಬೆಸುಗೆ ಹಾಕುತ್ತಿದ್ದೆ. ಅವನಿಗೆ ಹಾಡಿನ ಗಂಧ ಅಷ್ಟಕ್ಕಷ್ಟೇ. ಆದರೆ ಗಿರಾಕಿಯ ಮುಖ ನೋಡಿ ಮನಸ್ಸು ಓದುತ್ತಿದ್ದ. ನನಗೆ ಅವನು ಕಲಿಸಿದ ಮೊದಲ ಪಾಠ, “ಛಲೋ ಯಾವುದು ಅಂತ ನೀ ಹೇಳಬ್ಯಾಡ. ಅವ ತಂದಿದ್ದ ಕ್ಯಾಸೆಟ್ ಹಾಕು, ಸುಮ್ಮನ ನಿಂದ್ರು.” ಆಗಿನ ಗಿರಾಕಿಗಳು ಅಂಗಡಿಗೆ ತಮ್ಮದೇ ಕ್ಯಾಸೆಟ್ ತರುತ್ತಿದ್ದರು. ಬೇರೆಯವರ ಕ್ಯಾಸೆಟ್ ಕೇಳಿಸಿದರೆ ಮೋಸ ಮಾಡಿದರು ಎಂಬ ಅನುಮಾನ ಅವರಿಗೆ.

ತೊಂಬತ್ತರ ಆ ವರ್ಷಗಳಲ್ಲಿ ಆಂಪ್ಲಿಫೈಯರನ್ನು ನಾವೇ ಕೂಡಿಸಿ ಕೊಡುತ್ತಿದ್ದೆವು. ಗಿರಾಕಿ ಬಂದವನೇ ಮೊದಲು ಅದನ್ನು ಎರಡೂ ಕೈಯಿಂದ ಎತ್ತಿ ನೋಡುತ್ತಿದ್ದ. ಎತ್ತುವಾಗ ಮುಖ ಕಿವುಚಿದರೆ ವ್ಯಾಪಾರ ಆಯಿತೆಂದೇ ಲೆಕ್ಕ. ಒಳಗಿನ ಟ್ರಾನ್ಸ್‌ಫಾರ್ಮರ್ ದೊಡ್ಡದಿದ್ದರೆ ತೂಕ ಹೆಚ್ಚು ಎಂಬುದು ನಿಜ, ಆದರೆ ನಮ್ಮ ಅಂಗಡಿ ಸಾಲಿನಲ್ಲೇ ಒಬ್ಬ ಒಳಗೆ ಸುಮ್ಮನೆ ಕಬ್ಬಿಣದ ಪಟ್ಟಿ ಕೂಡಿಸಿ ಕೊಡುತ್ತಿದ್ದ. ಅವನ ಗಿರಾಕಿಗಳು ಅವನ ‘ಬೇಸು’, ಎಂದರೆ ತಗ್ಗಿನ ದನಿ, ಬಹಳ ಗಟ್ಟಿ ಎಂದು ಹೊಗಳುತ್ತಿದ್ದರು. ಕಿವಿಗಿಂತ ಮೊದಲು ತೋಳು ಕೇಳುತ್ತದೆ ಎಂಬುದು ನನಗೆ ಆಗಲೇ ಗೊತ್ತಾಯಿತು.

ಧಾರವಾಡದ ಒಬ್ಬ ನಿವೃತ್ತ ಮಾಸ್ತರರ ಮನೆಗೆ ಡೆಕ್ಕಿನ ಬೆಲ್ಟು ಹಾಕಲು ಹೋಗಿದ್ದೆ. ಕೆಲಸ ಮುಗಿಸಿ ಕ್ಯಾಸೆಟ್ ಹಾಕಿದರೆ ದನಿ ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯದು. ನೋಡಿದರೆ ಒಂದು ಸ್ಪೀಕರಿನ ಕೆಂಪು ವೈರು ಕರಿಯ ಜಾಗಕ್ಕೆ, ಕರಿಯದು ಕೆಂಪಿನ ಜಾಗಕ್ಕೆ ಬಿದ್ದಿತ್ತು. ಹಾಗಾದರೆ ಒಂದು ಸ್ಪೀಕರು ಗಾಳಿಯನ್ನು ಮುಂದೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ, ದನಿ ತೆಳ್ಳಗಾಗಿ ಮನೆಯೆಲ್ಲ ಚೆದುರುತ್ತದೆ. ತಿದ್ದಿದೆ. ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು, “ಹಾಡಾವ್ರು ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತಂಗಾತಲ್ಲೋ. ಇಷ್ಟು ಸಲಿಗಿ ನಮಗ ಬ್ಯಾಡ. ಮೊದಲಿನಂಗ ಮಾಡು” ಎಂದರು. ಮೊದಲಿನಂತೆ ತಪ್ಪಾಗಿ ಜೋಡಿಸಿ ಕೊಟ್ಟು, ಅವರ ಮನೆಯ ಅವಲಕ್ಕಿ ತಿಂದು ಬಂದೆ. ಹಳೆಯ ಕೇಳುಗರಿಗೆ ಸರಿಯಾದ ದನಿ ಬೇಕು ಎಂದು ಪುಸ್ತಕದಲ್ಲಿ ಇರುತ್ತದೆ. ಅವರಿಗೆ ಬೇಕಾದದ್ದು ತಮ್ಮ ದನಿ.

ವೈರ್ ಇಲ್ಲದ ಸ್ಪೀಕರನ್ನು ನಾನು ಮೊದಲು ನೋಡಿದ್ದು ಧಾರವಾಡದ ಒಬ್ಬ ಡಾಕ್ಟರರ ಮನೆಯಲ್ಲಿ. ದುಬೈಯಿಂದ ಯಾರೋ ನೆಂಟರು ತಂದುಕೊಟ್ಟದ್ದು. ಆಂಪ್ಲಿಫೈಯರು ಪೆಟ್ಟಿಗೆಯ ಹೊಟ್ಟೆಯಲ್ಲೇ ಇತ್ತು, ದನಿ ಒಂದು ಸಣ್ಣ ಡಬ್ಬಿಯಿಂದ ಗಾಳಿಯಲ್ಲಿ ಬರುತ್ತಿತ್ತು. ಡಾಕ್ಟರರು ಅದನ್ನು ತೋರಿಸಲೆಂದೇ ನಾಲ್ಕು ಜನರನ್ನು ಚಹಾಕ್ಕೆ ಕರೆದಿದ್ದರು, ಜೋಡಿಸಲು ನನ್ನನ್ನೂ. ಹಾಡು ಶುರುವಾಗಿ ಆಲಾಪ ಏರುತ್ತಿದ್ದಂತೆ ಗರ್ರ್ ಎಂದಿತು, ಹಾಡು ಹೋಗಿ ಪಕ್ಕದ ಮನೆಯ ಹೆಣ್ಣುಮಗಳ ದನಿ ಬಂತು. ಆಕೆ ತನ್ನ ಮನೆಯ ವೈರ್ ಇಲ್ಲದ ಕಾರ್ಡ್‌ಲೆಸ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: “ಡಾಕ್ಟರ ಮನೀಗೆ ಹೋದ್ರ ಮನ್ಯಾಗ ಚಹಾ ಕುಡದ ಹೋಗಬೇಕು ನೋಡು. ಅಲ್ಲಿ ಬರೇ ನೀರು ಕೊಡ್ತಾರ.” ನಾಲ್ವರ ಕೈಯಲ್ಲೂ ಚಹಾದ ಕಪ್ಪು ಇತ್ತು. ಯಾರೂ ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ. ನಾನು ಸ್ವಿಚ್ ತೆಗೆದೆ. ಡಾಕ್ಟರರು ಆ ಪೆಟ್ಟಿಗೆಗಳನ್ನು ಮಾಳಿಗೆಗೆ ಏರಿಸಿದರು. ಅವರ ಮನೆಯ ಚಹಾ ಮಾತ್ರ ಆಮೇಲೆ ದಪ್ಪಗಾಯಿತೆಂದು ಕೇಳಿದ್ದೇನೆ.

ಇವೆಲ್ಲ ನಗುವ ಮಾತು. ನಾನು ಹೇಳಬೇಕೆಂದುಕೊಂಡದ್ದು ಹಳೇ ಹುಬ್ಬಳ್ಳಿಯ ಅಣ್ಣತಮ್ಮಂದಿರದು.

ಅಣ್ಣ ಗುರುಪಾದಪ್ಪ, ತಮ್ಮ ಶಂಕ್ರಪ್ಪ. ಕಾಳಿನ ವ್ಯಾಪಾರದ ಮನೆತನ. ಅವರ ಅಪ್ಪ, ಹಿರಿಯ ಸಾವಕಾರರು, ಹಾಡಿನ ಹುಚ್ಚರು. ಎಲ್ಲಿ ಹಾಡಿನ ಬೈಠಕ್ ನಡೆದರೂ ತಮ್ಮ ಟೇಪ್‌ರೆಕಾರ್ಡರ್ ಹೊತ್ತು ಹೋಗಿ, ಎದುರಿಗೇ ಕೂತು, ಒಂದೇ ಮೈಕಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಮೈಕು ಅವರ ತೊಡೆಯ ಮುಂದೆಯೇ ಇರುತ್ತಿದ್ದುದರಿಂದ ಗಾಯಕರ ತಾನಕ್ಕಿಂತ ಸಾವಕಾರರ “ಆಹಾ” ಜೋರಾಗಿ ಕೇಳುತ್ತಿತ್ತು. ಅಂಥ ಕ್ಯಾಸೆಟ್ಟು ಒಂದು ಕಪಾಟು ತುಂಬ ಇದ್ದವು. ಅವರ ಪಡಸಾಲೆಗೆ ಸಾಗವಾನಿ ಪೆಟ್ಟಿಗೆಯ ಸ್ಪೀಕರು ಮಾಡಿಕೊಟ್ಟವನು ನಾನೇ. ಎಡಮೂಲೆಗೆ ಒಂದು, ಬಲಮೂಲೆಗೆ ಒಂದು. ಎರಡೂ ಸರಿಯಾಗಿ ಕೂಡಿ ನುಡಿದರೆ ದನಿ ಪೆಟ್ಟಿಗೆಯಿಂದ ಬಂದಂತೆ ಅನ್ನಿಸುವುದಿಲ್ಲ, ಎರಡರ ನಡುವೆ, ಏನೂ ಇಲ್ಲದ ಜಾಗದಲ್ಲಿ ಗಾಯಕ ಕೂತು ಹಾಡಿದಂತೆ ಆಗುತ್ತದೆ. ಸಾವಕಾರರು ಅಲ್ಲಿ ಬರೀ ಒಂದು ಜಮಖಾನೆ ಹಾಸಿಟ್ಟಿದ್ದರು. ಬಂದವರು ತಿಳಿಯದೆ ಅದರ ಮೇಲೆ ಕೂತರೆ, “ಅಲ್ಲಿ ಅವರು ಕುಂತಾರ, ನೀವು ಈ ಕಡೆ ಬರ್ರಿ” ಎನ್ನುತ್ತಿದ್ದರು.

ಅವರು ತೀರಿಕೊಂಡ ಮೇಲೆ ಮಕ್ಕಳ ನಡುವೆ ಬಿಗಡಾಯಿಸಿತು. ಜಗಳ ಏತಕ್ಕೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಇಬ್ಬರೂ ಹೇಳುತ್ತಿದ್ದರು, ಎರಡೂ ಬೇರೆ ಬೇರೆ ಜಗಳ ಆಗಿರುತ್ತಿದ್ದವು. ಹಿರಿಯರು ಕೂತು ಆಸ್ತಿಯನ್ನು ಪಾಲು ಹಂಚಿ ಹಿಸೆ ಮಾಡಿದರು. ಮಂಚ, ಹಂಡೆ, ಬಾವಿಯ ನೀರು, ಎಲ್ಲಕ್ಕೂ ಒಂದು ನ್ಯಾಯ. ಪಡಸಾಲೆಗೆ ಬಂದಾಗ, ಪೆಟ್ಟಿಗೆ ಎರಡಿವೆ, ಇಬ್ಬರಿಗೂ ಒಂದೊಂದು ಎಂದರು. ಆಂಪ್ಲಿಫೈಯರು ಅಣ್ಣನಿಗೆ, ಡೆಕ್ಕು ಮತ್ತು ಕ್ಯಾಸೆಟ್ಟಿನ ಕಪಾಟು ತಮ್ಮನಿಗೆ. ನಮ್ಮ ಹೆಬ್ಬಳ್ಳಿಯಲ್ಲಿ ಎಂಥ ಹಿಸೆಯಾದರೂ ಜೋಡಿ ಎತ್ತನ್ನು ಒಡೆಯುವುದಿಲ್ಲ, ಒಬ್ಬನಿಗೆ ಎತ್ತು ಕೊಟ್ಟರೆ ಇನ್ನೊಬ್ಬನಿಗೆ ಚಕ್ಕಡಿ ಕೊಡುತ್ತಾರೆ. ಪೇಟೆಯ ಹಿರಿಯರಿಗೆ ಸ್ಪೀಕರೂ ಜೋಡಿಯ ಜೀವ ಎಂದು ಯಾರು ಹೇಳಬೇಕು? ಪಡಸಾಲೆಯ ನಟ್ಟನಡುವೆ ಗೋಡೆ ಎದ್ದಿತು. ಅಳೆದು ಕಟ್ಟಿದ ಆ ಗೋಡೆ ಜಮಖಾನೆ ಹಾಸಿದ್ದ ಜಾಗದ ಮೇಲೆಯೇ ನಿಂತಿತು. ಪೆಟ್ಟಿಗೆಗಳು ಮಾತ್ರ ಅಲುಗಲಿಲ್ಲ. ಎಡಮೂಲೆಯದು ಅಣ್ಣನ ಪಾಲಿನ ಮೂಲೆಯಲ್ಲಿ, ಬಲಮೂಲೆಯದು ತಮ್ಮನ ಪಾಲಿನ ಮೂಲೆಯಲ್ಲಿ, ಇದ್ದಲ್ಲೇ ಉಳಿದವು.

ಶಂಕ್ರಪ್ಪ ನನ್ನಿಂದ ಒಂದು ಸಣ್ಣ ಆಂಪ್ಲಿಫೈಯರು ಮಾಡಿಸಿಕೊಂಡು ಒಂದೇ ಪೆಟ್ಟಿಗೆಯಲ್ಲಿ ಅಪ್ಪನ ಕ್ಯಾಸೆಟ್ಟು ಕೇಳತೊಡಗಿದ. ಗುರುಪಾದಪ್ಪನ ಬಳಿ ಆಂಪ್ಲಿಫೈಯರು ಇತ್ತು, ಪೆಟ್ಟಿಗೆ ಇತ್ತು, ಹಾಕಲು ಕ್ಯಾಸೆಟ್ ಇರಲಿಲ್ಲ. ಪೇಟೆಯಲ್ಲಿ ಸಿಗುವ ಕ್ಯಾಸೆಟ್ಟು ಅವರಿಗೆ ಬೇಡ. ಹಾಗೇ ವರ್ಷಗಳು ಹೋದವು, ಕ್ಯಾಸೆಟ್ಟಿನ ಕಾಲವೇ ಮುಗಿಯುತ್ತ ಬಂತು.

ಒಂದು ದಿನ ಗುರುಪಾದಪ್ಪನ ಹೆಂಡತಿ ನೀಲಕ್ಕ ಅಂಗಡಿಗೆ ಬಂದರು. ಸ್ಟೂಲು ಕೊಟ್ಟರೂ ಕೂರಲಿಲ್ಲ.

“ಈರಣ್ಣಾ, ಇವರದ್ದು ಬಲಗಿವಿ ಪೂರಾ ಹೋತು. ಎಡಗಿವೀನೂ ಭಾಳ ದಿನ ಬರೂದಿಲ್ಲ ಅಂದಾರ ಡಾಕ್ಟರು. ದಿನಾ ಮುಂಜಾನೆ ಆ ಕಡೆ ಕ್ಯಾಸೆಟ್ ಹಚ್ಚಿದರ ಇವರು ಗ್ವಾಡಿಗೆ ಕುರ್ಚಿ ಹಚ್ಚಿ ಕುಂದರತಾರ. ಏನ ಕೇಳತೈತೋ ಏನ ಇಲ್ಲೋ. ಕೇಳೂದಿದ್ದರ ಈಗ ಕೇಳಬೇಕು.”

“ಶಂಕ್ರಣ್ಣಾರ ಕಡೆಯಿಂದ ಕ್ಯಾಸೆಟ್ ಇಸಗೊಂಡು ಕಾಪಿ ಮಾಡಿ ಕೊಡತೇನಿ ತಗೋರಿ” ಎಂದೆ.

ಆ ಕೆಲಸ ನಾನು ಅಂದುಕೊಂಡಷ್ಟು ಸುಲಭದ್ದಾಗಿರಲಿಲ್ಲ. ಶಂಕ್ರಪ್ಪ, “ಬ್ಯಾಡ ಅಂದವರು ಯಾರು? ಅಣ್ಣ ಬಂದು ಕೇಳಲಿ, ಕೊಡತೇನಿ” ಎಂದ. ಗುರುಪಾದಪ್ಪ, “ಅವ ತಂದು ಕೊಟ್ಟರ ತಗೋತೇನಿ. ನಮ್ಮಪ್ಪನ ದನಿ ನಾ ಬೇಡಿ ತರೂದಿಲ್ಲ” ಎಂದರು. ಒಬ್ಬ ಕೊಡಲು ತಯಾರು, ಇನ್ನೊಬ್ಬರು ತಗೊಳ್ಳಲು ತಯಾರು. ನಡುವೆ ಕೇಳುವವರು ಯಾರೂ ಇರಲಿಲ್ಲ. ಗೋಡೆಯಲ್ಲಿ ಒಂದು ತೂತು ಕೊರೆದು ವೈರು ದಾಟಿಸೋಣ ಎಂದರೆ, ಗೋಡೆ ಇಬ್ಬರದೂ, ತೂತು ಯಾರದು ಎಂಬ ತಕರಾರು ಎದ್ದಿತು.

ಅಷ್ಟರಲ್ಲಿ ಅಂಗಡಿಗೆ ವೈರ್ ಇಲ್ಲದ ಸ್ಪೀಕರಿನ ಹೊಸ ಮಾಲು ಬಂತು. ಡಾಕ್ಟರರ ಮನೆಯದರಂತೆ ಪಕ್ಕದ ಮನೆಯ ಮಾತು ಹಿಡಿಯುವುದಿಲ್ಲ. ಇದು ದನಿಯನ್ನು ಅಂಕಿಗಳ ಗಂಟು ಕಟ್ಟಿ ಕಳಿಸುತ್ತದೆ, ಆ ಕಡೆ ಪೆಟ್ಟಿಗೆ ಗಂಟು ಬಿಚ್ಚಿಕೊಂಡು ನುಡಿಯುತ್ತದೆ. ಚಾಚಾ ಅದನ್ನು ಒಂದೇ ಕೈಯಲ್ಲಿ ಎತ್ತಿ, “ಇದನ್ನ ಯಾರ ತಗೋತಾರೋ, ತೂಕನ ಇಲ್ಲ” ಎಂದ. ನಾನು ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಗುರುಪಾದಪ್ಪನೂ ಮೊದಲು ಎತ್ತಿಯೇ ನೋಡಿದರು.

“ಆಂಪ್ಲಿಫೈಯರ್ ಎಲ್ಲೈತಿ?”

“ಒಳಗೇ ಐತ್ರಿ ಸಾವಕಾರ್ರ.”

“ವೈರ್ ಇಲ್ಲ ಅಂದಿ. ಇದೇನು?”

“ಅದು ಕರೆಂಟಿಂದ್ರಿ. ಹಾಡಿನ ವೈರ್ ಇಲ್ಲ. ಹಾಡು ಗಾಳ್ಯಾಗ ಬರತೈತಿ.”

ಗುರುಪಾದಪ್ಪ ಮೂಲೆಯಲ್ಲಿದ್ದ ಸಾಗವಾನಿ ಪೆಟ್ಟಿಗೆಯನ್ನು ನೋಡಿದರು, ಕೈಯಲ್ಲಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ನೋಡಿದರು. ನಮ್ಮ ಮನೆತನಕ್ಕೆ ಇದು ಶೋಭಿಸುವುದಿಲ್ಲ ಎಂಬ ಮಾತು ಬಾಯಿಗೆ ಬಂದೇ ಇತ್ತು. ಆಮೇಲೆ ಏನೋ ಹೊಳೆಯಿತು.

“ಗಾಳ್ಯಾಗ ಬಂದಿದ್ದನ್ನ ಯಾರೂ ಕೊಟ್ಟಂಗಲ್ಲ?”

“ಅಲ್ರಿ.”

“ನಾ ಯಾರನ್ನೂ ಕೇಳಿದಂಗೂ ಅಲ್ಲ.”

“ಅಲ್ರಿ.”

“ಇಡು ಹಂಗಾರ.”

ಸಣ್ಣ ಡಬ್ಬಿ ಹಿಡಿದು ಶಂಕ್ರಪ್ಪನ ಕಡೆಗೆ ಹೋದೆ. ಇದನ್ನು ನಿಮ್ಮ ಡೆಕ್ಕಿಗೆ ಚುಚ್ಚಬೇಕು ಎಂದೆ. ಅವನು ದಡ್ಡನಲ್ಲ.

“ಇದರ ಪೆಟಗಿ ಎಲ್ಲೈತಿ?”

“ಆ ಕಡೆ ಐತ್ರಿ.”

ಶಂಕ್ರಪ್ಪ ಡಬ್ಬಿಯನ್ನು ತಿರುಗಿಸಿ ನೋಡಿದ. “ಗ್ವಾಡಿ ಕೊರೀಬೇಕೇನು?”

“ಬ್ಯಾಡ್ರಿ.”

“ಹಂಗಾರ ಚುಚ್ಚಿ ಹೋಗು. ನನಗೇನು ಗೊತ್ತಿಲ್ಲ.”

ಮರುದಿನ ಮುಂಜಾನೆ ನಾನು ಗುರುಪಾದಪ್ಪನ ಪಡಸಾಲೆಯಲ್ಲಿ ಕೂತಿದ್ದೆ. ಗೋಡೆಯಾಚೆ ಡೆಕ್ಕಿನ ಗುಂಡಿ ಒತ್ತಿದ ಸದ್ದು ಬಂತು. ನಮ್ಮ ಪೆಟ್ಟಿಗೆಯಲ್ಲಿ ತಂಬೂರಿ ಎದ್ದಿತು. ಅದರ ಬೇಸು ಹೇಳಿಕೊಳ್ಳುವಂಥದಲ್ಲ, ಮೇಲಿನ ಸ್ವರ ಸ್ವಲ್ಪ ಚೂಪು. ಕಸುಬಿನವನ ಕಿವಿಗೆ ಅಂಥ ದೋಷ ಹಲವು ಕೇಳಿದವು. ಗುರುಪಾದಪ್ಪ ದನಿಯನ್ನು ಏರಿಸುತ್ತ ಏರಿಸುತ್ತ ಎಡಗಿವಿಯನ್ನು ಪೆಟ್ಟಿಗೆಗೆ ಹತ್ತಿರ ತಂದರು. ಹಾಡು ಒಂದು ಸುತ್ತು ಮುಗಿದು ಸಮ್ಮಿಗೆ, ಎಂದರೆ ತಾಳದ ಮೊದಲ ಬಡಿತಕ್ಕೆ ಬಂದು ಕೂಡಿದಾಗ, ಹಿರಿಯ ಸಾವಕಾರರ “ಆಹಾ” ಪಡಸಾಲೆ ತುಂಬಿತು. ಗುರುಪಾದಪ್ಪ ನನ್ನ ಕಡೆಗೆ ತಿರುಗಿ, “ಅಪ್ಪಾರು” ಎಂದರು, ಮನೆಗೆ ಬಂದವರನ್ನು ಪರಿಚಯ ಮಾಡಿಕೊಟ್ಟ ಹಾಗೆ. ನಾನು ಎದ್ದು ಪೆಟ್ಟಿಗೆಗೆ ಕೈ ಮುಗಿದೆ. ಈ ಕಸುಬಿನಲ್ಲಿ ಹಾಗೆ ನಾನು ಹೆಚ್ಚು ಸಲ ಮಾಡಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ, ವೈರ್ ಇಲ್ಲದ ಸ್ಪೀಕರು ಎಲ್ಲರಿಗೂ ಹೊಂದುತ್ತದೆ ಎಂದು ನಾನೂ ಹೇಳಿಕೊಂಡು ತಿರುಗುತ್ತಿದ್ದೆ.

ಆ ವಾರ ಕಳೆಯುವುದರೊಳಗೆ ಎರಡೂ ಮನೆಯಿಂದ ಒಂದೇ ಮುಂಜಾನೆ ನನಗೆ ಕರೆ ಬಂತು. ಆದದ್ದು ಇಷ್ಟು. ಗುರುಪಾದಪ್ಪನಿಗೆ ಕಿವಿ ಮಂದ, ಆದ್ದರಿಂದ ದನಿ ಜೋರು. ಜೋರಾದ ದನಿ ಗೋಡೆ ದಾಟಿ ಶಂಕ್ರಪ್ಪನ ಕಡೆಗೆ ಬರುತ್ತಿತ್ತು. ಗಂಟು ಕಟ್ಟಿ ಬಿಚ್ಚುವುದಕ್ಕೆ ಆ ಹೊಸ ಯಂತ್ರ ಕಣ್ಣೆವೆ ಬಡಿಯುವಷ್ಟು ಹೊತ್ತು ತಗೊಳ್ಳುತ್ತದೆ. ಬೇರೆಯವರಿಗೆ ಅದು ಲೆಕ್ಕಕ್ಕೇ ಬಾರದು. ತೊಡೆಯ ಮೇಲೆ ತಾಳ ಹಾಕುತ್ತ ಕೇಳುವ ಶಂಕ್ರಪ್ಪನಿಗೆ ತಬಲಾದ ಪೆಟ್ಟು ಮೊದಲು ತನ್ನ ಪೆಟ್ಟಿಗೆಯಿಂದ, ಆಮೇಲೆ ಗೋಡೆಯಿಂದ, ಎರಡೆರಡು ಸಲ ಬೀಳುತ್ತಿತ್ತು. ಅಪ್ಪನೂ ಎರಡು ಸಲ “ಆಹಾ” ಅನ್ನುತ್ತಿದ್ದರು. ತಾಳ ತಪ್ಪಿದ ಸಿಟ್ಟಿಗೆ ಶಂಕ್ರಪ್ಪ ಗೋಡೆಗೆ ಗುದ್ದಿದ್ದ. ಗುರುಪಾದಪ್ಪ ಆ ಕಡೆಯಿಂದ ತಾವೂ ಗುದ್ದಿದ್ದರು. ಗೋಡೆ ಕಟ್ಟಿದ ಮೇಲೆ ಅಣ್ಣತಮ್ಮಂದಿರ ನಡುವೆ ನಡೆದ ಮೊದಲ ಮಾತುಕತೆ ಅದು.

ನಾನು ಓಣಿಯಲ್ಲಿ ಎರಡು ಬಾಗಿಲ ನಡುವೆ ನಿಂತೆ. ಇಬ್ಬರೂ ತಮ್ಮ ತಮ್ಮ ಹೊಸ್ತಿಲ ಮೇಲೆ ನಿಂತು ನನ್ನ ಜೊತೆ ಮಾತಾಡಿದರು. ಕೈ ಚಾಚಿದರೆ ಒಬ್ಬರನ್ನೊಬ್ಬರು ಮುಟ್ಟುವಷ್ಟು ಹತ್ತಿರ.

“ಅವರದ್ದು ಹಿಂದ ಬರಾಕತ್ತೈತಿ ಅಂತ ಹೇಳು ಈರಣ್ಣಾ” ಎಂದ ಶಂಕ್ರಪ್ಪ.

“ಹಿರಿಯಾವ ನಾನು. ನನಗ್ಯಾಕ ಹಿಂದ ಬರತೈತಿ ಕೇಳು” ಎಂದರು ಗುರುಪಾದಪ್ಪ.

ಇದು ರಿಪೇರಿ ಆಗುವ ದೋಷವಲ್ಲ, ಯಂತ್ರದ ಗುಣವೇ ಹಾಗೆ ಎಂದು ಇಬ್ಬರಿಗೂ ಒಂದೇ ಸಲ ಹೇಳಿದೆ. ಇಬ್ಬರಲ್ಲಿ ಒಬ್ಬರು ತಮ್ಮ ಪೆಟ್ಟಿಗೆ ಬಂದ್ ಮಾಡಬೇಕು, ಇಲ್ಲವೇ ಎರಡೂ ಪೆಟ್ಟಿಗೆ ಒಂದೇ ಆಂಪ್ಲಿಫೈಯರಿನ ವೈರಿಗೆ ಬರಬೇಕು, ಮೂರನೆಯ ಉಪಾಯ ನನಗೆ ಗೊತ್ತಿಲ್ಲ ಎಂದೆ. ಕಡೆಗೆ ಶಂಕ್ರಪ್ಪ, “ಅವರ ಕಿವಿ ಹೋಗಾಕತ್ತಾವ. ನಂದು ಬಂದ್ ಮಾಡತೇನಿ. ಕೇಳಲಿ” ಎಂದು ನನಗೆ ಹೇಳಿ ಒಳಗೆ ಹೋದ.

ನಾನು ಗುರುಪಾದಪ್ಪನ ಜೊತೆ ಒಳಗೆ ಹೋಗಿ ಕೂತೆ. ಡೆಕ್ಕು ಆ ಕಡೆ ತಿರುಗುತ್ತಿತ್ತು, ಹಾಡು ಈ ಕಡೆ ಮಾತ್ರ ಬರುತ್ತಿತ್ತು. ಎರಡು ಸಲ ಅಲ್ಲ, ಒಂದೇ ಸಲ, ಚೊಕ್ಕವಾಗಿ. ಗುರುಪಾದಪ್ಪ ಕೇಳುತ್ತ ಕೇಳುತ್ತ ಗೋಡೆಯ ಕಡೆ ನೋಡಿದರು.

“ಅವ ಈಗ ಏನ ಮಾಡಾಕತ್ತಾನ?”

ನೀಲಕ್ಕ ಎದ್ದು ಹಿತ್ತಲಿಗೆ ಹೋದರು. ಗಂಡಂದಿರ ಜಗಳ ಹೆಂಗಸರಿಗೆ ಹತ್ತಿರಲಿಲ್ಲ, ಹಿತ್ತಲ ಬಾಗಿಲಿನಿಂದ ಓಡಾಟ ಇದ್ದೇ ಇತ್ತು. ಬಂದವರು ಗಂಡನ ಎಡಗಿವಿಯ ಬಳಿ ಬಾಗಿ ಹೇಳಿದರು: “ಗ್ವಾಡಿಗೆ ಕುರ್ಚಿ ಹಚ್ಚಿ ಕುಂತಾನ.”

ಗುರುಪಾದಪ್ಪ ಎದ್ದು ಪ್ಲಾಸ್ಟಿಕ್ ಪೆಟ್ಟಿಗೆಯ ಸ್ವಿಚ್ ತೆಗೆದರು. ಮೂಲೆಗೆ ಹೋಗಿ ಸಾಗವಾನಿ ಪೆಟ್ಟಿಗೆಯ ಒಂದು ತುದಿಗೆ ಕೈ ಹಾಕಿ, “ಹಿಡಿ ಈರಣ್ಣಾ” ಎಂದರು.

ಮಾಡುವಾಗ ಅದಕ್ಕೆ ಅಷ್ಟು ದಪ್ಪ ಹಲಗೆ ಏಕೆ ಹಾಕಿಸಿದೆನೋ ಎಂದು ಆ ಹೊತ್ತು ನನಗೆ ಅನ್ನಿಸಿತು. ಇಬ್ಬರೂ ಏದುಸಿರು ಬಿಡುತ್ತ ಹೊಸ್ತಿಲು ದಾಟಿ, ಓಣಿಗೆ ಇಳಿದು, ಪಕ್ಕದ ಹೊಸ್ತಿಲು ಹತ್ತಿದೆವು. ಶಂಕ್ರಪ್ಪ ಕುರ್ಚಿಯಿಂದ ಎದ್ದ. ಬಂದು ನನ್ನ ಕೈಯಿಂದ ಪೆಟ್ಟಿಗೆಯ ತುದಿ ತಗೊಂಡ.

ಅಂದಿನಿಂದ ಇಂದಿನವರೆಗೆ ಆ ಗೋಡೆಯನ್ನು ಯಾರೂ ಕೆಡವಿಲ್ಲ. ವೈರ್ ಇಲ್ಲದ ಸ್ಪೀಕರನ್ನು ನೀಲಕ್ಕ ಅಡುಗೆಮನೆಗೆ ಒಯ್ದು, ಸಣ್ಣ ಡಬ್ಬಿಯನ್ನು ರೇಡಿಯೊಗೆ ಚುಚ್ಚಿಸಿಕೊಂಡರು. ರೊಟ್ಟಿ ಬಡಿಯುತ್ತ ಕೇಳುವುದಕ್ಕೆ ಅದರಷ್ಟು ಹೊಂದುವ ಸಾಮಾನು ಇನ್ನೊಂದಿಲ್ಲ ಎಂದು ಅವರು ಹೇಳಿದ್ದನ್ನು ನಾನೂ ಒಪ್ಪುತ್ತೇನೆ.

ಆ ಮುಂಜಾನೆ ನಾನು ಎರಡು ಪೆಟ್ಟಿಗೆಯನ್ನು ಅರ್ಧ ಪಡಸಾಲೆಯ ಎರಡು ಮೂಲೆಗೆ ಸರಿಸಿ, ಕೆಂಪಿಗೆ ಕೆಂಪು, ಕರಿಯದಕ್ಕೆ ಕರಿಯದು ನೋಡಿ ಶಂಕ್ರಪ್ಪನ ಆಂಪ್ಲಿಫೈಯರಿಗೆ ಜೋಡಿಸಿದೆ. ಜಾಗ ಸಾಲದು, ಆದರೆ ನಡೆಯುತ್ತದೆ. ಅಣ್ಣತಮ್ಮಂದಿರು ಎರಡು ಕುರ್ಚಿ ಹಾಕಿಕೊಂಡು ಎದುರಿಗೆ ಕೂತರು. ಕ್ಯಾಸೆಟ್ ಹಾಕಿದೆ. ತಂಬೂರಿ ಬಂತು, ದನಿ ಬಂತು. ಒಂದೇ ಕಿವಿಯವರಿಗೆ ಎರಡು ಪೆಟ್ಟಿಗೆ ಇದ್ದರೂ ದನಿ ಎಲ್ಲಿ ನಿಂತಿದೆ ಎಂದು ತಿಳಿಯುವುದಿಲ್ಲ, ನಡುವೆ ಅನ್ನುವುದು ಗೊತ್ತಾಗಲು ಎರಡೂ ಕಿವಿ ಬೇಕು. ಇದನ್ನು ನಾನು ಅವರಿಗೆ ಹೇಳಿರಲಿಲ್ಲ. ಹೇಳುವ ಅಗತ್ಯ ಇರಲಿಲ್ಲ, ಅವರಿಗೆ ಗೊತ್ತಿತ್ತು.

ಗುರುಪಾದಪ್ಪ ತಮ್ಮನ ಕಡೆಗೆ ತಿರುಗಿ ಕೇಳಿದರು: “ನಡುವ ಬಂದು ಕುಂತರೇನೋ?”

ಶಂಕ್ರಪ್ಪ ಏನೂ ಇಲ್ಲದ ಆ ಜಾಗವನ್ನು ನೋಡಿದ. “ಕುಂತಾರ ಅಣ್ಣಾ.”

“ಹಂಗಾರ ಕುಂತಾರ ಬಿಡು” ಎಂದು ಗುರುಪಾದಪ್ಪ ಕಣ್ಣು ಮುಚ್ಚಿಕೊಂಡರು.